ಹೊಳೆಯ ಮರಳಲ್ಲಿ ಹೊನ್ನು ಜಾಲಿಸುವ ಆಟ

ಮಕ್ಕಳೇ, ಇವತ್ತಿನ ಮಾತನ್ನು ಅಡುಗೆಮನೆಯಿಂದಲೇ ಶುರು ಮಾಡೋಣ. ನಾನು ನಿಮ್ಮಷ್ಟಿದ್ದಾಗ ಅಂಗಡಿಯಿಂದ ತಂದ ಅಕ್ಕಿಯಲ್ಲಿ ಕಲ್ಲು ಇರುತ್ತಿತ್ತು. ಅಮ್ಮ ಮೊರದಲ್ಲಿ ಕೇರಿ, ಕಣ್ಣಿಗೆ ಕಂಡದ್ದನ್ನೆಲ್ಲ ಆರಿಸಿ ಎಸೆಯುತ್ತಿದ್ದಳು. ಆದರೂ ಅಕ್ಕಿಯ ಬಣ್ಣದ್ದೇ, ಅಕ್ಕಿಯ ಗಾತ್ರದ್ದೇ ಆದ ಒಂದೆರಡು ಬಿಳಿಗಲ್ಲು ಕಣ್ಣು ತಪ್ಪಿಸಿ ಉಳಿದುಬಿಡುತ್ತಿದ್ದವು. ಊಟದ ನಡುವೆ ಅದು ಹಲ್ಲಿಗೆ ಕಟಕ್ಕೆಂದು ಸಿಕ್ಕರೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಅದಕ್ಕೇ ಅಮ್ಮ ಅಕ್ಕಿಯನ್ನು ಜಾಲಿಸುತ್ತಿದ್ದಳು.

ಜಾಲಿಸುವುದು ಹೇಗೆ ಗೊತ್ತೇ? ಎರಡು ಪಾತ್ರೆ ಬೇಕು. ಒಂದರಲ್ಲಿ ಅಕ್ಕಿ ಹಾಕಿ ತುಂಬ ನೀರು ಹೊಯ್ಯಬೇಕು. ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ತೊಟ್ಟಿಲು ತೂಗಿದ ಹಾಗೆ ಅತ್ತಿತ್ತ ಅಲುಗಿಸುತ್ತಾ, ಸ್ವಲ್ಪಸ್ವಲ್ಪವೇ ಬಗ್ಗಿಸುತ್ತಾ ಹೋದರೆ ನೀರಿನ ಜೊತೆ ಅಕ್ಕಿ ಜಾರಿ ಎರಡನೇ ಪಾತ್ರೆಗೆ ಬೀಳುತ್ತದೆ. ಹೀಗೇ ಮಾಡುತ್ತಾ ಕೊನೆಗೆ ಮೊದಲ ಪಾತ್ರೆಯಲ್ಲಿ ಒಂದು ಚಿಟಿಕೆ ಅಕ್ಕಿ ಮಾತ್ರ ಉಳಿಯುತ್ತದೆ. ಆ ಚಿಟಿಕೆಯ ಅಡಿಯಲ್ಲಿ, ಪಾತ್ರೆಯ ತಳಕ್ಕೆ ಅಂಟಿಕೊಂಡಂತೆ, ಕಲ್ಲುಗಳು ಕೂತಿರುತ್ತವೆ. ಅಮ್ಮ ಒಂದನ್ನೂ ಕೈಯಿಂದ ಹುಡುಕಲಿಲ್ಲ. ನೀರೇ ಅವನ್ನು ಹುಡುಕಿ ಒಂದು ಕಡೆ ಸೇರಿಸಿಟ್ಟಿತು.

ಈಗ ಹೀಗೆ ಊಹಿಸಿಕೊಳ್ಳಿ. ಪಾತ್ರೆಯಲ್ಲಿ ಅಕ್ಕಿಯ ಬದಲು ಹೊಳೆಯ ಮರಳಿದೆ. ಕೊನೆಗೆ ತಳದಲ್ಲಿ ಉಳಿಯುವುದು ಕಲ್ಲಲ್ಲ, ಹಳದಿಯಾಗಿ ಮಿನುಗುವ ಒಂದು ಚೂರು ಚಿನ್ನ! ಕಥೆಯಲ್ಲ ಇದು. ಆಸ್ಟ್ರೇಲಿಯಾದಲ್ಲಿ, ನ್ಯೂಜಿಲೆಂಡ್‌ನಲ್ಲಿ, ಅಮೆರಿಕದಲ್ಲಿ, ಫಿನ್‌ಲೆಂಡ್‌ನಲ್ಲಿ ಸಾವಿರಾರು ಜನ ರಜೆಯ ದಿನ ಬುತ್ತಿ ಕಟ್ಟಿಕೊಂಡು ಹೊಳೆಯ ದಡಕ್ಕೆ ಹೋಗಿ ಇದನ್ನೇ ಮಾಡುತ್ತಾರೆ. ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ಕೆಲವರು ಹಕ್ಕಿ ನೋಡಲು ಹೋಗುತ್ತಾರೆ. ಹಾಗೆಯೇ ಇವರದು ಹೊನ್ನು ಹುಡುಕುವ ಹವ್ಯಾಸ.

ನಾನು ಇದನ್ನು ಮೊದಲು ಕಣ್ಣಾರೆ ಕಂಡದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬಲ್ಲಾರಟ್ ಎಂಬ ಊರಲ್ಲಿ. ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿಂದ ಸುಮಾರು 110 ಕಿಲೋಮೀಟರ್ ದೂರ. ಊರಿನ ಅಂಚಿನಲ್ಲಿ ಸಾವರಿನ್ ಹಿಲ್ ಎಂಬ ಜಾಗವಿದೆ. ಹಳೆಯ ಕಾಲದ ಚಿನ್ನದ ಊರು ಹೇಗಿತ್ತೋ ಹಾಗೆಯೇ ಬೀದಿ, ಅಂಗಡಿ, ಗುಡಾರಗಳನ್ನೆಲ್ಲ ಮತ್ತೆ ಕಟ್ಟಿ 1970ರಲ್ಲಿ ಜನರಿಗೆ ತೆರೆದಿಟ್ಟಿದ್ದಾರೆ. ನಡುವೆ ಒಂದು ಸಣ್ಣ ತೊರೆ. ಬಂದ ಮಕ್ಕಳ ಕೈಗೆ ಒಂದೊಂದು ಅಗಲವಾದ ತಟ್ಟೆ ಕೊಡುತ್ತಾರೆ. ಮಕ್ಕಳು ಬರಿಗೈಲಿ ಹೋಗಿ ಸಪ್ಪೆಮುಖ ಮಾಡಬಾರದೆಂದು ಆ ತೊರೆಗೆ ಆಗಾಗ ನಿಜವಾದ ಚಿನ್ನದ ಪುಡಿಯನ್ನು ಸೇರಿಸುತ್ತಾರಂತೆ!

ನನ್ನ ಮೊಮ್ಮಗಳು ತಟ್ಟೆ ತುಂಬ ಮರಳು ತುಂಬಿಕೊಂಡು ಜೋರಾಗಿ ಗಿರಗಿರ ತಿರುಗಿಸಿದಳು. ಅರ್ಧ ಮರಳು ನೀರಿಗೆ, ಅರ್ಧ ಅವಳ ಲಂಗಕ್ಕೆ. ನಾನು ಪಕ್ಕದಲ್ಲಿ ಕೂತು, ಅಮ್ಮನ ಕೈಯನ್ನು ನೆನೆಸಿಕೊಂಡು, ಅಕ್ಕಿ ಜಾಲಿಸಿದ ಹಾಗೆ ಜಾಲಿಸಿದೆ. ಕಾಲು ಗಂಟೆಯಲ್ಲಿ ತಳದಲ್ಲಿ ಎರಡು ಚುಕ್ಕಿ ಕಂಡವು. ಒಂದೊಂದೂ ಒಂದು ಗಸಗಸೆ ಕಾಳಿನಷ್ಟು. ಅವಳು ಕಿರುಚಿದ ದನಿ ಈಗಲೂ ನನ್ನ ಕಿವಿಯಲ್ಲಿದೆ. ಆಮೇಲೆ ಅವಳು ಕೇಳಿದಳು: "ಅಜ್ಜಿ, ಇಷ್ಟು ಸಣ್ಣ ಚೂರು ನೀರಲ್ಲಿ ಯಾಕೆ ಕೊಚ್ಚಿಕೊಂಡು ಹೋಗಲಿಲ್ಲ?"

ಎಂಥ ಒಳ್ಳೆಯ ಪ್ರಶ್ನೆ! ಅದಕ್ಕೆ ಉತ್ತರ ಸಿಕ್ಕರೆ ಈ ಹವ್ಯಾಸದ ಗುಟ್ಟೆಲ್ಲ ಸಿಕ್ಕಿದಂತೆಯೇ.

ಒಂದು ಲೀಟರಿನ ನೀರಿನ ಬಾಟಲಿ ತೆಗೆದುಕೊಳ್ಳಿ. ತುಂಬ ನೀರು ತುಂಬಿದರೆ ಆ ನೀರಿನ ತೂಕ ಒಂದು ಕಿಲೋ. ನೀರನ್ನು ಚೆಲ್ಲಿ, ಅದೇ ಜಾಗದಲ್ಲಿ ಎಲ್ಲೂ ಸಂದಿಲ್ಲದಂತೆ ಬಿಳಿಯ ಬೆಣಚುಕಲ್ಲು ತುಂಬಿದೆ ಅಂದುಕೊಳ್ಳಿ. ಈಗ ಸುಮಾರು ಎರಡೂವರೆ ಕಿಲೋಗಿಂತ ತುಸು ಹೆಚ್ಚು. ಕಬ್ಬಿಣ ತುಂಬಿದರೆ ಹತ್ತಿರಹತ್ತಿರ ಎಂಟು ಕಿಲೋ. ಚಿನ್ನ ತುಂಬಿದರೆ? ಹತ್ತೊಂಬತ್ತು ಕಿಲೋ ದಾಟುತ್ತದೆ! ಐದು ವರ್ಷದ ಒಂದು ಮಗುವಿನ ತೂಕ. ಬಾಟಲಿ ಅಷ್ಟೇ ಇದೆ, ಎತ್ತಲು ಹೋದರೆ ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡ ಹಾಗೆ ಆಗುತ್ತದೆ.

ಅಂದರೆ ಚಿನ್ನದ ಚೂರು ಸಣ್ಣದಿರಬಹುದು, ಆದರೆ ತನ್ನಷ್ಟೇ ಗಾತ್ರದ ಮರಳಿನ ಕಾಳಿಗಿಂತ ಅದು ಏಳು ಪಟ್ಟು ಭಾರ. ಒಂದೇ ಗಾತ್ರದ್ದಾದರೂ ತೂಕ ಬೇರೆಬೇರೆ ಇರುವ ಈ ಗುಣವನ್ನು ನಿಮ್ಮ ಪಾಠದ ಪುಸ್ತಕ ಸಾಂದ್ರತೆ ಎಂದು ಕರೆಯುತ್ತದೆ. ಹೆಸರು ಮರೆತರೂ ಪರವಾಗಿಲ್ಲ. ಬಾಟಲಿಯನ್ನು ನೆನಪಿಡಿ, ಸಾಕು.

ನೀರು ಇಲ್ಲಿ ಇನ್ನೊಂದು ಉಪಕಾರ ಮಾಡುತ್ತದೆ. ಬಾವಿಯಿಂದ ಕೊಡ ಸೇದಿದ್ದೀರಾ? ಕೊಡ ನೀರಿನೊಳಗೆ ಇರುವವರೆಗೆ ಹಗುರ. ನೀರು ಬಿಟ್ಟು ಮೇಲೆ ಬಂದ ಕೂಡಲೇ ಹಗ್ಗ ಬಿಗಿದು ಕೈ ಜಗ್ಗುತ್ತದೆ. ನೀರು ತನ್ನೊಳಗಿರುವ ಎಲ್ಲವನ್ನೂ ಕೆಳಗಿನಿಂದ ಸ್ವಲ್ಪ ಎತ್ತಿ ಹಿಡಿದಿರುತ್ತದೆ. ನಮ್ಮ ಬಾಟಲಿಯಷ್ಟು ದೊಡ್ಡ ವಸ್ತುವಿಗೆ ಒಂದು ಕಿಲೋದಷ್ಟು ಎತ್ತುತ್ತದೆ, ಅದು ಕಲ್ಲಾದರೂ ಅಷ್ಟೇ, ಚಿನ್ನವಾದರೂ ಅಷ್ಟೇ.

ಈಗ ಒಂದು ಸಣ್ಣ ಲೆಕ್ಕ. ಎರಡೂವರೆ ಕಿಲೋ ಚಿಲ್ಲರೆಯ ಕಲ್ಲಿಗೆ ಒಂದು ಕಿಲೋ ಕಳೆದರೆ ಉಳಿಯುವುದು ಒಂದೂವರೆ ಕಿಲೋ ಚಿಲ್ಲರೆ. ಕಲ್ಲು ಬಹಳ ಹಗುರಾಗಿಬಿಟ್ಟಿತು. ಹತ್ತೊಂಬತ್ತು ಕಿಲೋ ಚಿನ್ನಕ್ಕೆ ಒಂದು ಕಿಲೋ ಕಳೆದರೆ ಹದಿನೆಂಟು ಉಳಿಯಿತು. ಅದಕ್ಕೆ ಏನೂ ಆಗಲೇ ಇಲ್ಲ! ಗಾಳಿಯಲ್ಲಿ ಚಿನ್ನ ಮರಳಿಗಿಂತ ಏಳು ಪಟ್ಟು ಭಾರವಿದ್ದರೆ, ನೀರಿನೊಳಗೆ ಹನ್ನೊಂದು ಪಟ್ಟು ಭಾರ. ಅದಕ್ಕೇ ಹೊನ್ನು ಹುಡುಕುವವರು ತಟ್ಟೆಯನ್ನು ಸದಾ ನೀರಿನಲ್ಲಿ ಮುಳುಗಿಸಿಯೇ ಅಲುಗಿಸುವುದು. ನೀರು ಮರಳನ್ನು ಹಗುರಾಗಿಸಿ ಹೊರಗೆ ಕಳಿಸುತ್ತದೆ, ಹೊನ್ನನ್ನು ಇದ್ದಲ್ಲೇ ಬಿಡುತ್ತದೆ.

ಆದರೆ ಸುಮ್ಮನೆ ನೀರಿನಲ್ಲಿಟ್ಟರೆ ಸಾಲದು, ಕುಲುಕಬೇಕು. ಅಜ್ಜಿಯರು ಸೇರಿನಲ್ಲಿ ರಾಗಿ ಅಳೆಯುವುದನ್ನು ನೋಡಿದ್ದರೆ ನಿಮಗೆ ಇದು ಥಟ್ಟನೆ ಅರ್ಥವಾಗುತ್ತದೆ. ತುಂಬಿದ ಸೇರನ್ನು ಒಮ್ಮೆ ಕುಲುಕಿದರೆ ರಾಗಿ ಕುಸಿದು ಮೇಲೆ ಇನ್ನೊಂದು ಹಿಡಿಗೆ ಜಾಗವಾಗುತ್ತದೆ. ಕುಲುಕಿದಾಗ ಕಾಳುಗಳ ನಡುವೆ ಕ್ಷಣಕಾಲ ಸಂದು ಬಿಡುತ್ತದೆ. ತಟ್ಟೆಯೊಳಗೂ ಹೀಗೇ. ಮರಳು ಸಡಿಲವಾಗಿ ಸಂದು ಬಿಟ್ಟ ಕ್ಷಣದಲ್ಲಿ ಅತಿ ಭಾರದ ಚಿನ್ನ ಆ ಸಂದಿನಲ್ಲಿ ಕೆಳಕ್ಕಿಳಿಯುತ್ತದೆ. ಇನ್ನೊಮ್ಮೆ ಕುಲುಕು, ಇನ್ನೊಂದು ಮೆಟ್ಟಿಲು ಕೆಳಗೆ. ಕೊನೆಗೆ ತಳ ಮುಟ್ಟಿ ಕೂರುತ್ತದೆ. ಆಮೇಲೆ ತಟ್ಟೆಯನ್ನು ತುಸು ಮುಂದಕ್ಕೆ ಬಾಗಿಸಿ, ನೀರಿನಲ್ಲಿ ಮೆಲ್ಲಗೆ ಅದ್ದಿ ಎತ್ತುತ್ತಾ ಮೇಲಿನ ಮರಳನ್ನು ಹೊರಗೆ ಕಳಿಸುವುದು. ಮತ್ತೆ ಕುಲುಕುವುದು, ಮತ್ತೆ ಕಳಿಸುವುದು. ಅವಸರ ಮಾಡಿದವರ ಚಿನ್ನ ಹೊಳೆಯ ಪಾಲು.

ಒಂದು ಮಾತು ಬಿಟ್ಟೆ. ಮೊದಲಿಗೇ ದಪ್ಪ ಕಲ್ಲುಗಳನ್ನು ಜರಡಿ ಹಿಡಿದು ತೆಗೆದುಬಿಡಬೇಕು. ಬೆರಳು ಗಾತ್ರದ ಕಲ್ಲಿನ ಮುಂದೆ ಗಸಗಸೆಯಷ್ಟು ಚಿನ್ನ ಭಾರವಲ್ಲವಷ್ಟೇ? ಸಮಸಮ ಗಾತ್ರದ್ದನ್ನು ಒಟ್ಟಿಗೆ ಬಿಟ್ಟರೆ ಮಾತ್ರ ಈ ಓಟದಲ್ಲಿ ಚಿನ್ನ ಗೆಲ್ಲುತ್ತದೆ. ಅಮ್ಮಂದಿರು ಅಕ್ಕಿಯನ್ನು ಮೊದಲು ಮೊರದಲ್ಲಿ ಕೇರಿ, ಆಮೇಲೆ ಜಾಲಿಸುತ್ತಿದ್ದದ್ದೂ ಇದೇ ಕ್ರಮದಲ್ಲಿ.

ಸರಿ, ಹೊಳೆಗೆ ಈ ಚಿನ್ನ ಬಂದದ್ದೆಲ್ಲಿಂದ? ಅದನ್ನು ತಿಳಿಯಲು ಬಚ್ಚಲುಮನೆಯ ಹಂಡೆಯೊಳಗೆ ಇಣುಕೋಣ. ಬೋರ್‌ವೆಲ್ ನೀರು ದಿನವೂ ಕಾಯ್ದು ಕಾಯ್ದು ಹಂಡೆಯ ಒಳಮೈಗೆ ಬಿಳಿಯ ಪೊರೆ ಕಟ್ಟಿರುತ್ತದೆ. ನೀರಲ್ಲಿ ಕಾಣದಂತೆ ಕರಗಿದ್ದ ಸುಣ್ಣ ಹೊರಬಂದು ಅಂಟಿಕೊಂಡದ್ದು ಅದು. ಭೂಮಿಯ ಆಳದಲ್ಲೂ ಇಂಥದ್ದೇ ಒಂದು ಕೆಲಸ ನಡೆಯುತ್ತದೆ. ಅಲ್ಲಿ ನೀರು ನಮ್ಮ ಹಂಡೆಯ ನೀರಿಗಿಂತ ಎಷ್ಟೋ ಬಿಸಿ, ಒತ್ತಡವೂ ಬಹಳ. ಆ ನೀರಲ್ಲಿ ಚೂರುಪಾರು ಚಿನ್ನವೂ ಕರಗಿರುತ್ತದೆ. ಬಂಡೆಯ ಬಿರುಕುಗಳಲ್ಲಿ ಮೇಲೇರಿ ಬರುವಾಗ ನೀರು ತಣಿಯುತ್ತದೆ, ಒತ್ತಡ ಇಳಿಯುತ್ತದೆ, ಹೊತ್ತು ತಂದದ್ದನ್ನು ಅಲ್ಲೇ ಬಿಟ್ಟುಬಿಡುತ್ತದೆ. ಬಿರುಕು ತುಂಬ ಬಿಳಿಯ ಬೆಣಚುಕಲ್ಲು, ಅದರ ನಡುವೆ ಅಲ್ಲಲ್ಲಿ ಚಿನ್ನ. ಬಲ್ಲಾರಟ್ ಸುತ್ತಿನ ಬಂಡೆಗಳಲ್ಲಿ ಇದು ನಡೆದದ್ದು ಸುಮಾರು 44 ಕೋಟಿ ವರ್ಷಗಳ ಹಿಂದೆ.

ಆಮೇಲೆ ಬಿಸಿಲು, ಮಳೆ, ಗಾಳಿ, ಮರದ ಬೇರು ಎಲ್ಲ ಸೇರಿ ಗುಡ್ಡವನ್ನು ಕೆರೆಯುತ್ತಲೇ ಬಂದವು. ಬಂಡೆ ಒಡೆದು ಕಲ್ಲಾಯಿತು, ಕಲ್ಲು ಮರಳಾಯಿತು. ಚಿನ್ನ ಮಾತ್ರ ಚಿನ್ನವಾಗಿಯೇ ಉಳಿಯಿತು. ಕಬ್ಬಿಣದ ಮೊಳೆಯನ್ನು ಹಿತ್ತಿಲಲ್ಲಿ ಬಿಟ್ಟರೆ ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಚಿನ್ನಕ್ಕೆ ಗಾಳಿಯ ಜೊತೆಗಾಗಲೀ ನೀರಿನ ಜೊತೆಗಾಗಲೀ ಬೆರೆಯುವ ಗೊಡವೆಯೇ ಇಲ್ಲ. ಕೋಟಿ ಕೋಟಿ ಮಳೆಗಾಲ ನೆನೆದರೂ ಅದೇ ಹೊಳಪು. ಮಳೆನೀರು ಅದನ್ನು ಉರುಳಿಸುತ್ತಾ ಗುಡ್ಡದಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ತಂದು ಹಾಕಿತು. ಹೀಗೆ ಹೊಳೆ ತಂದು ಹಾಕಿದ ಮೆಕ್ಕಲಿನಲ್ಲಿ ಸಿಗುವುದೇ ಹವ್ಯಾಸಿಗಳು ಹುಡುಕುವ ಚಿನ್ನ.

ಹಾಗಾದರೆ ಹೊಳೆಯಲ್ಲಿ ಎಲ್ಲಿ ಹುಡುಕಬೇಕು? ನನಗೆ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ. ಜಾಲಿಸುವುದನ್ನು ಒಂದು ದಿನದಲ್ಲಿ ಕಲಿಯಬಹುದು, ಹೊಳೆಯನ್ನು ಓದುವುದನ್ನು ಕಲಿಯಲು ವರ್ಷಗಳು ಬೇಕು.

ಜೋರು ಮಳೆ ನಿಂತ ಮೇಲೆ ಅಂಗಳಕ್ಕೆ ಬನ್ನಿ. ನೀರು ಹರಿದ ಜಾಡು ನೋಡಿ. ನೇರವಾಗಿ ರಭಸದಿಂದ ಹರಿದ ಕಡೆ ನೆಲ ಗುಡಿಸಿದಂತೆ ಬೋಳಾಗಿರುತ್ತದೆ. ನೀರು ಬಳಸಿ ತಿರುಗಿದ ಕಡೆ, ತಿರುವಿನ ಒಳಬದಿಯಲ್ಲಿ, ಮರಳಿನ ಒಂದು ಪುಟ್ಟ ದಿಬ್ಬ ಕೂತಿರುತ್ತದೆ. ತಿರುವಿನಲ್ಲಿ ಹೊರಬದಿಯ ನೀರು ಓಡುತ್ತದೆ, ಒಳಬದಿಯ ನೀರು ನಿಧಾನಿಸುತ್ತದೆ. ನಿಧಾನವಾದ ನೀರಿಗೆ ಭಾರ ಹೊರುವ ಶಕ್ತಿ ಇಲ್ಲ. ಹೊತ್ತದ್ದರಲ್ಲಿ ಅತಿ ಭಾರದ್ದನ್ನು ಮೊದಲು ಕೆಳಗಿಡುತ್ತದೆ. ಶಾಲೆಯಿಂದ ಮನೆಗೆ ನಡೆಯುವಾಗ ಸುಸ್ತಾದರೆ ನೀವು ಮೊದಲು ಇಳಿಸುವುದು ಪುಸ್ತಕದ ಚೀಲವನ್ನು ತಾನೇ, ಕೈಯಲ್ಲಿರುವ ಹೂವನ್ನಲ್ಲವಲ್ಲ?

ಅಂಗಳದಲ್ಲಿ ಒಂದು ಇಟ್ಟಿಗೆ ಬಿದ್ದಿದ್ದರೆ ಅದರ ಹಿಂಬದಿಯನ್ನೂ ನೋಡಿ. ನೀರು ಬಂದ ಕಡೆಯಲ್ಲ, ಹೋದ ಕಡೆ. ಅಲ್ಲೂ ಮರಳು ನಿಂತಿರುತ್ತದೆ. ಗಾಳಿ ಬೀಸುವಾಗ ನಾವು ಗೋಡೆಯ ಮರೆಗೆ ನಿಲ್ಲುವುದಿಲ್ಲವೇ, ಹಾಗೆ. ಹೊಳೆಯ ನಡುವಿನ ದೊಡ್ಡ ಬಂಡೆಯ ಹಿಂದೆಯೂ ಹೀಗೆ ಚಿನ್ನ ಮರೆ ಹುಡುಕಿ ನಿಲ್ಲುತ್ತದೆ. ಅನುಭವಿಗಳು ಮರಳನ್ನು ಸರಿಸಿ ಕೆಳಗಿನ ಗಟ್ಟಿ ಬಂಡೆಯ ತನಕ ಹೋಗಿ, ಆ ಬಂಡೆಯ ಬಿರುಕುಗಳನ್ನು ಸಣ್ಣ ಕಡ್ಡಿಯಿಂದ ಕೆದಕಿ ಮಣ್ಣು ತೆಗೆಯುತ್ತಾರೆ. ನೆಲದ ಸಂದಿನಲ್ಲಿ ಸಾಸಿವೆ ಸಿಕ್ಕಿಕೊಂಡರೆ ಪೊರಕೆಗೆ ಬರುತ್ತದೆಯೇ? ಹಾಗೆ ಎಷ್ಟೋ ಪ್ರವಾಹ ಬಂದು ಹೋದರೂ ಬಿರುಕಿನ ಚಿನ್ನ ಅಲ್ಲೇ ಇರುತ್ತದೆ.

ತಟ್ಟೆಗೆ ಮರಳಿ ಬರೋಣ. ಬಿಳಿ ಮರಳೆಲ್ಲ ಹೋದ ಮೇಲೆ ತಳದಲ್ಲಿ ಒಂದು ಚಮಚದಷ್ಟು ಕರಿ ಮರಳು ಉಳಿಯುತ್ತದೆ. ಕರಿ ಮರಳು ಬಂದಿತೆಂದರೆ ಹುಡುಕುವವರ ಎದೆ ಹೊಡೆದುಕೊಳ್ಳುತ್ತದೆ. ಅದರಲ್ಲಿ ಬಹುಪಾಲು ಕಬ್ಬಿಣದ ಅದಿರು, ನೀರಿಗಿಂತ ಐದು ಪಟ್ಟು ಭಾರ. ಇಷ್ಟು ಭಾರದ್ದು ಇಲ್ಲಿ ನಿಂತಿದೆ ಎಂದರೆ ಚಿನ್ನವೂ ನಿಂತಿರಬಹುದು! ತಟ್ಟೆಯಲ್ಲಿ ಸ್ವಲ್ಪವೇ ನೀರು ಬಿಟ್ಟು ಮೆಲ್ಲಗೆ ಒಂದು ಸುತ್ತು ತಿರುಗಿಸಿದರೆ ಕರಿ ಮರಳು ನವಿಲಿನ ಬಾಲದಂತೆ ಹರಡಿಕೊಳ್ಳುತ್ತದೆ. ಎಲ್ಲಕ್ಕಿಂತ ಹಿಂದೆ, ಕದಲದೆ, ಹಳದಿ ಚುಕ್ಕಿಗಳು ನಿಲ್ಲುತ್ತವೆ.

ಈ ಕರಿ ಮರಳನ್ನು ನೋಡಲು ಆಸ್ಟ್ರೇಲಿಯಾಕ್ಕೆ ಹೋಗಬೇಕಿಲ್ಲ. ಹಳೆಯ ಸ್ಪೀಕರಿನ ಒಂದು ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮನೆ ಕಟ್ಟುವ ಕಡೆ ಹಾಕಿದ ಮರಳಿನಲ್ಲೋ ಹೊಳೆದಂಡೆಯ ಮರಳಿನಲ್ಲೋ ಎಳೆದಾಡಿ. ಕರಿ ಪುಡಿ ಮುಳ್ಳುಹಂದಿಯ ಮುಳ್ಳಿನಂತೆ ನಿಂತು ಅಂಟಿಕೊಳ್ಳುತ್ತದೆ. ಚಿನ್ನವನ್ನು ಆಯಸ್ಕಾಂತ ಸೆಳೆಯುವುದಿಲ್ಲ. ಅದಕ್ಕೇ ಹವ್ಯಾಸಿಗಳು ಒಣಗಿದ ಕರಿ ಮರಳಿನ ಮೇಲೆ ಆಯಸ್ಕಾಂತ ಆಡಿಸಿ ಕಬ್ಬಿಣವನ್ನು ಎತ್ತಿಬಿಡುತ್ತಾರೆ, ಹೊನ್ನು ಕೆಳಗುಳಿಯುತ್ತದೆ.

ಚಿನ್ನ ಮುಳುಗುತ್ತದೆ ಎಂದು ಇಷ್ಟು ಹೊತ್ತು ಹೇಳಿದೆನಲ್ಲ, ಅದು ತೇಲುವುದೂ ಉಂಟು! ಧೂಳಿನಷ್ಟು ಸಣ್ಣ, ಹಾಳೆಯಷ್ಟು ತೆಳುವಾದ ಚೂರಾದರೆ, ಅದಕ್ಕೆ ಎಣ್ಣೆಪಸೆ ತಗುಲಿದ್ದರೆ, ನೀರಿನ ಮೇಲ್ಮೈಯಲ್ಲಿ ಕೂತು ತಟ್ಟೆಯಿಂದ ಆಚೆ ಹೊರಟೇಬಿಡುತ್ತದೆ. ನೀರಿನ ಮೇಲ್ಮೈ ಬಿಗಿದು ಕಟ್ಟಿದ ತೆಳ್ಳನೆ ಬಟ್ಟೆಯ ಹಾಗೆ. ಲೋಟದ ನೀರಿನ ಮೇಲೆ ಸೂಜಿಯನ್ನು ಹುಷಾರಾಗಿ ಮಲಗಿಸಿದರೆ ಅದೂ ತೇಲುತ್ತದೆ, ಮಾಡಿ ನೋಡಿ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬಿಡಿ. ಬಟ್ಟೆ ಸಡಿಲಿದ ಹಾಗಾಗಿ ಸೂಜಿ ತಟ್ಟನೆ ಮುಳುಗುತ್ತದೆ. ಹವ್ಯಾಸಿಗಳ ಚೀಲದಲ್ಲೂ ಅದೇ ಸೋಪಿನ ಶೀಶೆ ಇರುತ್ತದೆ. ಹೊಸ ತಟ್ಟೆಯ ಜಿಡ್ಡನ್ನು ಅದರಿಂದ ತೊಳೆದೇ ಕೆಲಸ ಶುರು.

ಇನ್ನು ಮೋಸಗಾರರ ವಿಷಯ. ಹೊಳೆಯಲ್ಲಿ ಥಳಥಳಿಸುವುದೆಲ್ಲ ಚಿನ್ನವಲ್ಲ. ನಮ್ಮ ಕಡೆ ಮಣ್ಣಲ್ಲಿ ಮಿರಮಿರ ಮಿಂಚುವ ತೆಳು ಪದರಗಳನ್ನು ಕಾಗೆ ಬಂಗಾರ ಎನ್ನುತ್ತಾರೆ. ಅದು ಅಭ್ರಕ. ತಟ್ಟೆಯನ್ನು ತಿರುಗಿಸಿದರೆ ಅದು ಒಮ್ಮೆ ಮಿಂಚಿ ಒಮ್ಮೆ ಆರುತ್ತದೆ, ಎರಡು ಸಲ ನೀರು ಆಡಿಸಿದರೆ ಹಗುರಾಗಿ ಹೊರಟುಹೋಗುತ್ತದೆ. ಚಿನ್ನ ಹಾಗಲ್ಲ. ಬಿಸಿಲಿನಲ್ಲಿ ಎಷ್ಟು ಹಳದಿಯೋ ನಿಮ್ಮ ನೆರಳು ಬಿದ್ದಾಗಲೂ ಅಷ್ಟೇ ಹಳದಿ. ಇನ್ನೊಂದು ಪೈರೈಟ್, ಕಬ್ಬಿಣ ಮತ್ತು ಗಂಧಕ ಸೇರಿ ಆದ ಹಿತ್ತಾಳೆ ಬಣ್ಣದ ಕಲ್ಲು. ಅದನ್ನು ಸುತ್ತಿಗೆಯಿಂದ ಬಡಿದರೆ ಪುಡಿಯಾಗುತ್ತದೆ. ಚಿನ್ನವನ್ನು ಬಡಿದರೆ ಚಪಾತಿಯಂತೆ ಅಗಲವಾಗುತ್ತದೆ. ಒಂದೇ ಒಂದು ಗ್ರಾಂ ಚಿನ್ನವನ್ನು ಬಡಿದು ಬಡಿದು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹಾಳೆ ಮಾಡಬಹುದು!

ಸಿಕ್ಕ ಚೂರನ್ನು ಎತ್ತುವುದಕ್ಕೂ ಒಂದು ಉಪಾಯವಿದೆ. ಬೆರಳನ್ನು ಚೆನ್ನಾಗಿ ಒರೆಸಿ ಒಣಗಿಸಿ, ಚೂರಿನ ಮೇಲೆ ಮೆತ್ತಗೆ ಒತ್ತಬೇಕು. ಅದು ಬೆರಳಿಗೆ ಅಂಟುತ್ತದೆ. ನೀರು ತುಂಬಿದ ಪುಟ್ಟ ಗಾಜಿನ ಶೀಶೆಯ ಬಾಯಿಗೆ ಬೆರಳು ಮುಟ್ಟಿಸಿದರೆ ಚೂರು ಬಿಟ್ಟುಕೊಂಡು ತಳಕ್ಕಿಳಿಯುತ್ತದೆ. ನನ್ನ ಮೊಮ್ಮಗಳ ಎರಡು ಚುಕ್ಕಿಗಳೂ ಅಂಥ ಶೀಶೆಯಲ್ಲಿ ಅವಳ ಓದುವ ಮೇಜಿನ ಮೇಲಿವೆ.

"ಇದರಿಂದ ಶ್ರೀಮಂತರಾಗಬಹುದಾ?" ಎಂದು ನೀವು ಕೇಳುತ್ತೀರಿ, ಗೊತ್ತು. ಬಹುತೇಕ ದಿನ ಸಿಗುವುದು ಒಂದೆರಡು ಚುಕ್ಕಿ, ಎಷ್ಟೋ ದಿನ ಅದೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಕೂತು ಗಳಿಸಿದ ಹೊನ್ನಿನ ಬೆಲೆ ಅಲ್ಲಿಗೆ ಹೋದ ಕಾರಿನ ಪೆಟ್ರೋಲಿಗೂ ಸಾಲದಿರಬಹುದು. ಆದರೂ ಅವರು ಮುಂದಿನ ವಾರ ಮತ್ತೆ ಹೋಗುತ್ತಾರೆ. ಕೋಟಿಗಟ್ಟಲೆ ವರ್ಷ ಯಾರ ಕಣ್ಣಿಗೂ ಬೀಳದ ಒಂದು ಚೂರನ್ನು ಮೊದಲ ಸಲ ನೋಡುವ ಕಣ್ಣು ತಮ್ಮದಾಗಲಿ ಎಂಬ ಆಸೆ ಅವರದು.

ಹಾಗೆಂದು ದೊಡ್ಡದು ಸಿಕ್ಕ ಕಥೆಗಳಿಲ್ಲವೇ? ಇವೆ! 1869ರ ಫೆಬ್ರುವರಿ 5ರಂದು, ವಿಕ್ಟೋರಿಯಾದ ಮೋಲಿಯಾಗಲ್ ಎಂಬ ಕಡೆ, ಜಾನ್ ಡೀಸನ್ ಮತ್ತು ರಿಚರ್ಡ್ ಓಟ್ಸ್ ಎಂಬ ಇಬ್ಬರು ಗೆಳೆಯರಲ್ಲಿ ಡೀಸನ್ನನ ಗುದ್ದಲಿ ಮರದ ಬುಡದಲ್ಲಿ ಏನಕ್ಕೋ ತಗುಲಿತು. ಕಲ್ಲಿರಬೇಕು ಎಂದುಕೊಂಡ. ಮಣ್ಣು ಸರಿಸಿದರೆ ಚಿನ್ನದ ಗಟ್ಟಿ! ನೆಲದಿಂದ ಎರಡು ಬೆರಳಿನಷ್ಟೂ ಆಳದಲ್ಲಿರಲಿಲ್ಲ. ಅದರಲ್ಲಿದ್ದ ಚಿನ್ನ ಸುಮಾರು 72 ಕಿಲೋ. ಹತ್ತಿರದ ಡನೋಲಿ ಊರಿನಲ್ಲಿ ಅದನ್ನು ತೂಗುವಷ್ಟು ದೊಡ್ಡ ತಕ್ಕಡಿಯೇ ಇರಲಿಲ್ಲ. ಕಮ್ಮಾರನ ಅಡಗಲ್ಲಿನ ಮೇಲಿಟ್ಟು ತುಂಡು ಮಾಡಿ ತೂಗಬೇಕಾಯಿತು. ಅದಕ್ಕೆ 'ವೆಲ್ಕಂ ಸ್ಟ್ರೇಂಜರ್' ಎಂದು ಹೆಸರಿಟ್ಟರು. ಇವತ್ತಿಗೂ ಅಷ್ಟು ದೊಡ್ಡ ಮೆಕ್ಕಲು ಚಿನ್ನದ ಗಟ್ಟಿ ಇನ್ನೊಂದು ಸಿಕ್ಕಿಲ್ಲ.

ಆ ಕಾಲದಲ್ಲಿ ಅದು ಹವ್ಯಾಸವಾಗಿರಲಿಲ್ಲ, ಬದುಕಾಗಿತ್ತು. 1851ರಲ್ಲಿ ಬಲ್ಲಾರಟ್‌ನಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿದ್ದೇ ತಡ, ಲೋಕದ ಮೂಲೆಮೂಲೆಯಿಂದ ಹಡಗು ಹತ್ತಿ ಜನ ಬಂದರು. ಹತ್ತು ವರ್ಷದಲ್ಲಿ ವಿಕ್ಟೋರಿಯಾದ ಜನಸಂಖ್ಯೆ ಏಳು ಪಟ್ಟಾಯಿತು. ಆ ನೆಲ ವಾದವುರಂಗ್ ಎಂಬ ಮೂಲನಿವಾಸಿಗಳದು. ತಮ್ಮ ತೊರೆಗಳು ಕೆಸರಾಗಿ, ಕಾಡು ಬೋಳಾಗಿ ಹೋದದ್ದನ್ನು ಅವರು ನೋಡಬೇಕಾಯಿತು. ಚಿನ್ನದ ಕಥೆ ಹೇಳುವಾಗ ಅವರನ್ನು ಮರೆತರೆ ಅದು ಅರ್ಧ ಕಥೆ ಎಂದೇ ನನ್ನ ಭಾವನೆ.

ಅಗೆಯುವವರಿಗೂ ಸುಖವಿರಲಿಲ್ಲ. ಚಿನ್ನ ಸಿಗಲಿ ಬಿಡಲಿ, ದುಡ್ಡು ಕಟ್ಟಿ ಪರವಾನಗಿ ಪಡೆಯಬೇಕಿತ್ತು, ಮೊದಲಿಗೆ ಅದು ತಿಂಗಳಿಗೆ 30 ಶಿಲಿಂಗ್. ಸಹಿಸಲಾರದೆ 1854ರ ಡಿಸೆಂಬರಿನಲ್ಲಿ ಅವರು ಬಲ್ಲಾರಟ್‌ನಲ್ಲಿ ದಂಗೆಯೆದ್ದರು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಆ ಪರವಾನಗಿ ಹೋಗಿ, ವರ್ಷಕ್ಕೆ ಒಂದು ಪೌಂಡಿನ 'ಮೈನರ್ಸ್ ರೈಟ್' ಎಂಬ ಹಕ್ಕುಪತ್ರ ಬಂತು. ಆ ಹೆಸರಿನ ಪತ್ರ ಅಲ್ಲಿ ಇವತ್ತಿಗೂ ಇದೆ! ಹವ್ಯಾಸಿಗಳು ಅದನ್ನು ಪಡೆದೇ ಹೊಳೆಗಿಳಿಯುವುದು. ಸಿಕ್ಕ ಚಿನ್ನ ಅವರದೇ. ಆದರೆ ಕೈಯಿಂದ ಬಳಸುವ ಸಲಕರಣೆ ಮಾತ್ರ, ಯಂತ್ರ ತಂದು ಅಗೆಯುವಂತಿಲ್ಲ. ಗಿಡಮರಕ್ಕೆ ನೋವು ಮಾಡುವಂತಿಲ್ಲ. ಮೂಲನಿವಾಸಿಗಳ ಪಾಲಿಗೆ ಪವಿತ್ರವಾದ ಜಾಗಗಳನ್ನು ಮುಟ್ಟುವಂತಿಲ್ಲ. ತೋಡಿದ ಗುಂಡಿಯನ್ನು ಮುಚ್ಚಿಯೇ ಬರಬೇಕು. ಆಟ ಮುಗಿದ ಮೇಲೆ ಆಟದ ಸಾಮಾನು ಎತ್ತಿಡುವ ಹಾಗೆ.

ಇಷ್ಟೆಲ್ಲ ಓದಿ ಇದು ದೂರದ ದೇಶದವರ ವಿದ್ಯೆ ಎಂದುಕೊಳ್ಳಬೇಡಿ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಹೊನ್ನು ತೆಗೆಯುವುದನ್ನೇ ಕಸುಬಾಗಿಸಿಕೊಂಡ ಜನ ಇದ್ದರು. ಅವರಿಗೆ ಜಾಲಗಾರರು ಎಂದೇ ಹೆಸರು. ಅಕ್ಕಿ ಜಾಲಿಸುವುದು, ಹೊನ್ನು ತೆಗೆಯುವ ಜಾಲಗಾರರು: ನಮ್ಮ ಭಾಷೆಯಲ್ಲಿ ಈ ಎರಡು ಮಾತು ಎಷ್ಟು ಹತ್ತಿರ ನಿಂತಿವೆ ನೋಡಿ. ಮಳೆಗಾಲ ಗುಡ್ಡದಿಂದ ಹೊಸ ಮೆಕ್ಕಲು ತಂದು ಹಾಕಿದ ಮೇಲೆ ಅವರ ಸುಗ್ಗಿ. ಅಕ್ಕಸಾಲಿಗರ ಅಂಗಡಿಯ ಮುಂದಿನ ಕಸ, ಮಣ್ಣನ್ನು ಗುಡಿಸಿ ತಂದು ಅದರೊಳಗಿನ ಚಿನ್ನದ ಧೂಳನ್ನೂ ಅವರು ಬಿಡಿಸುತ್ತಿದ್ದರು.

ಕೋಲಾರದ ಕಥೆಯೂ ಹೀಗೇ ಶುರುವಾದದ್ದು. 1802ರಲ್ಲಿ ಮೈಸೂರು ಸೀಮೆಯ ಗಡಿಯನ್ನು ಅಳೆಯುತ್ತಿದ್ದ ಜಾನ್ ವಾರನ್ ಎಂಬ ಸೇನಾಧಿಕಾರಿಗೆ ಅಲ್ಲಿನ ಮಣ್ಣಲ್ಲಿ ಚಿನ್ನವಿದೆ ಎಂಬ ಮಾತು ಕಿವಿಗೆ ಬಿತ್ತು. ಚಿನ್ನ ತೆಗೆದು ತೋರಿಸಿದವರಿಗೆ ಬಹುಮಾನ ಎಂದ. ಹಳ್ಳಿಯ ಜನ ಗಾಡಿಯಲ್ಲಿ ಮಣ್ಣು ಹೇರಿ ತಂದು, ಅವನ ಕಣ್ಣೆದುರಿಗೇ ತೊಳೆದು ಹೊನ್ನಿನ ಪುಡಿ ತೋರಿಸಿದರು. ಎಷ್ಟೋ ವರ್ಷಗಳ ಮೇಲೆ, ನ್ಯೂಜಿಲೆಂಡ್‌ನಲ್ಲಿ ಯುದ್ಧ ಮಾಡಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕಲ್ ಲ್ಯಾವೆಲ್ ಎಂಬಾತ ವಾರನ್ ಇದನ್ನೆಲ್ಲ ಬರೆದಿಟ್ಟಿದ್ದ ಹಳೆಯ ಬರಹ ಓದಿ, 1871ರಲ್ಲಿ ಎತ್ತಿನಗಾಡಿ ಕಟ್ಟಿಕೊಂಡು ಕೋಲಾರಕ್ಕೆ ಹೊರಟ. ಆಮೇಲೆ ಅಲ್ಲಿ ಎದ್ದ ಗಣಿ ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, 2001ರಲ್ಲಿ ಮುಚ್ಚಿತು. ಅಷ್ಟಕ್ಕೂ ಮೊದಲ ಸಾಕ್ಷಿ ಹೇಳಿದ್ದು ಹಳ್ಳಿಯವರು ತೊಳೆದ ಮಣ್ಣು.

ಜಾರ್ಖಂಡದಲ್ಲಿ ಸುವರ್ಣರೇಖಾ ಎಂಬ ನದಿಯಿದೆ. ಅಲ್ಲಿ ಹೆಂಗಸರು ಇಂದಿಗೂ ಮರದ ತಟ್ಟೆ ಹಿಡಿದು ಮೊಣಕಾಲುದ್ದ ನೀರಲ್ಲಿ ದಿನವಿಡೀ ಮರಳು ಜಾಲಿಸುತ್ತಾರೆ. ಅವರಿಗೆ ಇದು ಭಾನುವಾರದ ಆಟವಲ್ಲ, ಅಂದಿನ ಊಟ. ಒಂದೇ ಕೆಲಸ ಒಬ್ಬರಿಗೆ ಸಂತೋಷ, ಇನ್ನೊಬ್ಬರಿಗೆ ಹೊಟ್ಟೆಪಾಡು. ಚಿನ್ನದ ಚುಕ್ಕಿಯನ್ನು ನೋಡುವಾಗ ಇಬ್ಬರ ಕೈಯೂ ನಿಮಗೆ ನೆನಪಾಗಲಿ.

ನಮ್ಮ ದೇಶದಲ್ಲಿ ನೆಲದ ಖನಿಜ ತೆಗೆಯಲು ಸರ್ಕಾರದ ಅನುಮತಿ ಬೇಕು. ಕಪ್ಪತಗುಡ್ಡವಂತೂ 2019ರಿಂದ ವನ್ಯಜೀವಿಧಾಮ, ಅಲ್ಲಿ ಅಗೆಯುವ ಮಾತೇ ಇಲ್ಲ. ಆದ್ದರಿಂದ ನಾವು ಜಾಲಗಾರರ ಆಟವನ್ನು ಹಿತ್ತಿಲಲ್ಲೇ ಆಡೋಣ. ಸೈಕಲ್ ಅಂಗಡಿಯವರನ್ನು ಕೇಳಿ ಬೇರಿಂಗಿನ ಐದು ಸಣ್ಣ ಗುಂಡು ತನ್ನಿ. ಉಕ್ಕು ಚಿನ್ನದಷ್ಟು ಭಾರವಲ್ಲ, ಆದರೂ ಮರಳಿನ ಮೂರು ಪಟ್ಟು. ಎರಡು ಹಿಡಿ ಮರಳಲ್ಲಿ ಆ ಐದನ್ನೂ ಕಲೆಸಿ ಒಂದು ಊಟದ ತಟ್ಟೆಗೆ ಹಾಕಿ. ದೊಡ್ಡ ಬೋಗುಣಿಯಲ್ಲಿ ನೀರು ತುಂಬಿ, ತಟ್ಟೆಯನ್ನು ಅದರೊಳಗೆ ಮುಳುಗಿಸಿ ಕುಲುಕಿ, ಬಾಗಿಸಿ, ಮೆಲ್ಲಗೆ ಅದ್ದಿ ಎತ್ತಿ. ನಿಮ್ಮದಕ್ಕಿಂತ ಕಷ್ಟದ ಪಂದ್ಯವೂ ಒಂದಿದೆ. 1977ರಲ್ಲಿ ಫಿನ್‌ಲೆಂಡಿನ ತಾಂಕವಾರಾದಲ್ಲಿ ಶುರುವಾದ ಹೊನ್ನು ಜಾಲಿಸುವ ವಿಶ್ವ ಪಂದ್ಯದಲ್ಲಿ ಬಕೀಟು ಮರಳಲ್ಲಿ ಎಷ್ಟು ಚೂರು ಚಿನ್ನ ಹಾಕಿದ್ದಾರೆಂದು ಆಟಗಾರರಿಗೇ ಹೇಳುವುದಿಲ್ಲ. ಒಂದು ಚೂರು ಕಳೆದುಕೊಂಡರೂ ಅವರ ಸಮಯಕ್ಕೆ ದಂಡದ ನಿಮಿಷಗಳು ಸೇರುತ್ತವೆ.

ಈಗ ನಿಮ್ಮ ತಟ್ಟೆಗೆ ಬನ್ನಿ. ಮರಳೆಲ್ಲ ಹೋದ ಮೇಲೆ ಉಳಿದ ಗುಂಡುಗಳನ್ನು ಎಣಿಸಿ. ನಾಲ್ಕೇ ಇದ್ದರೆ ಬೇಸರ ಬೇಡ, ಆಯಸ್ಕಾಂತಕ್ಕೂ ಕೈ ಹಾಕಬೇಡಿ. ಬೋಗುಣಿಯ ತಳದ ಮರಳನ್ನು ಬಳಿದು ಮತ್ತೆ ತಟ್ಟೆಗೆ ಹಾಕಿಕೊಳ್ಳಿ, ಈ ಸಲ ಇನ್ನೂ ನಿಧಾನವಾಗಿ ಜಾಲಿಸಿ. ಐದನೆಯದು ಅಲ್ಲೇ ಇದೆ.